ವಿನ್ಯಾಸದೊಳಗೆ ಅಡಗಿದ ಲಿಪಿ: ಆರಂಭಕಾಲದ ಪದಸಂಸ್ಕಾರಕಗಳು ಮತ್ತು ಕನ್ನಡ ಕಡತಗಳು

ಯಕ್ಷಗಾನ ಪ್ರಸಂಗದ ಮುದ್ರಿತ ಪ್ರತಿಯೊಂದನ್ನು ತೆರೆದರೆ ಪದ್ಯಗಳ ನೆತ್ತಿಯ ಮೇಲೆ ರಾಗ ಹಾಗೂ ತಾಳಗಳ ಹೆಸರು ಕಾಣಿಸುತ್ತದೆ. ಕುಂಬಳೆಯ ಪಾರ್ತಿಸುಬ್ಬನ ಪ್ರಸಂಗಗಳನ್ನು ಓದಿದ ವಿದ್ಯಾರ್ಥಿಗಳಿಗೆ ಈ ಕ್ರಮ ಪರಿಚಿತವಾದುದೇ. ಆ ಹೆಸರು ಪದ್ಯದ ಮಾತಲ್ಲ; ಪದ್ಯವನ್ನು ಹೇಗೆ ಹಾಡಬೇಕೆಂದು ಭಾಗವತರಿಗೆ ಕೊಟ್ಟ ಸೂಚನೆ. ಪ್ರತಿ ಮಾಡುವವನು ಅದನ್ನು ಕೈಬಿಟ್ಟರೆ ಹಾಡುಗಾರಿಕೆಗೆ ತೊಡಕಾಗುತ್ತದೆ, ಪದ್ಯವಾದರೋ ಉಳಿಯುತ್ತದೆ. ಪಠ್ಯ ಒಂದು, ಪಠ್ಯದ ಬಗೆಗಿನ ಸೂಚನೆ ಇನ್ನೊಂದು ಎಂಬ ಈ ಭೇದವು ಹಸ್ತಪ್ರತಿಗಳ ಅಧ್ಯಯನಕ್ಕೆ ಎಷ್ಟು ಮುಖ್ಯವೋ ಗಣಕದಲ್ಲಿ ಸಿದ್ಧವಾದ ಕಡತಗಳ ಅಧ್ಯಯನಕ್ಕೂ ಅಷ್ಟೇ ಮುಖ್ಯವಾಗಿದೆ.

ಗಣಕದ ಕಡತದಲ್ಲಿ ಈ ಎರಡನೆಯ ಪದರಕ್ಕೆ ವಿನ್ಯಾಸವೆಂದು ಹೆಸರು. ಯಾವ ಪದ ದಪ್ಪಕ್ಷರದಲ್ಲಿರಬೇಕು, ಯಾವುದರ ಕೆಳಗೆ ಗೆರೆ ಬೇಕು, ಪುಟದ ಅಂಚು ಎಷ್ಟು, ಯಾವ ಫಾಂಟು ಎಂಬ ಸೂಚನೆಗಳೆಲ್ಲ ವಿನ್ಯಾಸದ ವ್ಯಾಪ್ತಿಗೆ ಸೇರುತ್ತವೆ. ಇಂಗ್ಲಿಷಿನಲ್ಲಿ ಬರೆದ ಹಳೆಯ ಕಡತದ ವಿನ್ಯಾಸ ಅಳಿಸಿಹೋದರೆ ಅಂದ ಕೆಡುತ್ತದೆ, ಅರ್ಥ ಉಳಿಯುತ್ತದೆ. ಕಳೆದ ಶತಮಾನದ ಕೊನೆಯ ದಶಕದಲ್ಲಿಯೂ ಈ ಶತಮಾನದ ಮೊದಲ ದಶಕದಲ್ಲಿಯೂ ಸಿದ್ಧವಾದ ಕನ್ನಡ ಕಡತಗಳ ಸ್ಥಿತಿ ಹಾಗಲ್ಲ. ಅವುಗಳಲ್ಲಿ ಬಹುಪಾಲು ಕಡತಗಳು ಕನ್ನಡ ಲಿಪಿಯನ್ನೇ ವಿನ್ಯಾಸದ ಪದರದಲ್ಲಿ ಇರಿಸಿಕೊಂಡಿವೆ. ವಿನ್ಯಾಸ ಹೋದರೆ ಅಲ್ಲಿ ಕನ್ನಡವೇ ಇಲ್ಲವಾಗುತ್ತದೆ. ಇದು ಹೇಗಾಯಿತು, ಅಂತಹ ಕಡತ ಕೈಗೆ ಬಂದಾಗ ಕನ್ನಡ ವಿದ್ಯಾರ್ಥಿ ಏನು ಮಾಡಬೇಕು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಸಾಲಿನೊಳಗೇ ಸೂಚನೆ: ವರ್ಡ್‌ಸ್ಟಾರ್

ಗಣಕವು ಅಕ್ಷರವನ್ನು ಸಂಖ್ಯೆಯಾಗಿ ಮಾತ್ರ ಬಲ್ಲದು. ಅಮೆರಿಕದಲ್ಲಿ ರೂಪುಗೊಂಡ ಆಸ್ಕಿ ಸಂಕೇತದಲ್ಲಿ 0ಯಿಂದ 127ರವರೆಗೆ ಒಟ್ಟು 128 ಸಂಖ್ಯೆಗಳಿವೆ. ಅವುಗಳಲ್ಲಿ ಇಂಗ್ಲಿಷಿನ ದೊಡ್ಡ ಮತ್ತು ಚಿಕ್ಕ ಅಕ್ಷರಗಳು, ಅಂಕಿಗಳು, ಲೇಖನ ಚಿಹ್ನೆಗಳು ಅಡಕವಾಗಿವೆ. ಮೊದಲ 32 ಸಂಖ್ಯೆಗಳು ಅಕ್ಷರಗಳಲ್ಲ, ಯಂತ್ರಕ್ಕೆ ಕೊಡುವ ಆಜ್ಞೆಗಳು. 128 ಸಂಖ್ಯೆಗಳಿಗೆ ಏಳು ಬಿಟ್‌ಗಳು ಸಾಕು. ಗಣಕದ ಬೈಟ್‌ನಲ್ಲಿ ಎಂಟು ಬಿಟ್‌ಗಳಿರುವುದರಿಂದ ಒಂದು ಬಿಟ್ ಬಿಡುವಾಗಿ ಉಳಿಯುತ್ತಿತ್ತು. ಈ ಎಂಟನೆಯ ಬಿಟ್ಟನ್ನು ಹಚ್ಚಿದರೆ ಅಕ್ಷರದ ಸಂಖ್ಯೆಗೆ 128 ಕೂಡುತ್ತದೆ.

1978ರಲ್ಲಿ ಮೈಕ್ರೋಪ್ರೊ ಸಂಸ್ಥೆ ಹೊರತಂದ ವರ್ಡ್‌ಸ್ಟಾರ್ ಈ ಬಿಡುವನ್ನೇ ಬಳಸಿಕೊಂಡಿತು. ಅದರ ವಿನ್ಯಾಸ ಸೂಚನೆಗಳು ಮೂರು ಬಗೆ. ಮೊದಲನೆಯದು, ಅಕ್ಷರಗಳ ನಡುವೆಯೇ ಸೇರಿಸುವ ಆಜ್ಞಾಸಂಖ್ಯೆ: ದಪ್ಪಕ್ಷರಕ್ಕೆ 2, ಅಡಿಗೆರೆಗೆ 19. ದಪ್ಪವಾಗಬೇಕಾದ ಪದದ ಮುಂದೆ ಒಮ್ಮೆ 2, ಹಿಂದೆ ಇನ್ನೊಮ್ಮೆ 2. ಎರಡನೆಯದು, ಸಾಲಿನ ಮೊದಲಿಗೆ ಚುಕ್ಕೆಯಿಟ್ಟು ಬರೆಯುವ ಆಜ್ಞೆ: ಹೊಸ ಪುಟ, ಪುಟದ ಉದ್ದ, ಪುಟಶೀರ್ಷಿಕೆ ಮೊದಲಾದವು ಹೀಗೆ ಸೂಚಿತವಾಗುತ್ತಿದ್ದವು. ಮೂರನೆಯದು, ಎಂಟನೆಯ ಬಿಟ್. ಸಾಲಿನ ಎರಡೂ ಅಂಚುಗಳು ಸಮನಾಗಿ ನಿಲ್ಲುವಂತೆ ಪದಗಳನ್ನು ಹರಡಲು ಪ್ರತಿ ಪದದ ಕೊನೆ ಎಲ್ಲಿದೆಯೆಂದು ತಿಳಿಯಬೇಕಷ್ಟೆ. ಅದಕ್ಕಾಗಿ ವರ್ಡ್‌ಸ್ಟಾರಿನ ಮೊದಲ ಆವೃತ್ತಿಗಳು ಪದದ ಕೊನೆಯ ಅಕ್ಷರಕ್ಕೆ ಎಂಟನೆಯ ಬಿಟ್ಟನ್ನು ಹಚ್ಚಿಡುತ್ತಿದ್ದವು. ಇಂಗ್ಲಿಷಿನ ಚಿಕ್ಕ ಎನ್ ಅಕ್ಷರದ ಸಂಖ್ಯೆ 110. ಪದದ ಕೊನೆಯಲ್ಲಿ ಅದೇ ಅಕ್ಷರ 238 ಆಗಿ ಕಡತದಲ್ಲಿ ಕೂರುತ್ತಿತ್ತು. ವರ್ಡ್‌ಸ್ಟಾರ್ ಕಡತವನ್ನು ಬೇರೊಂದು ತಂತ್ರಾಂಶದಲ್ಲಿ ತೆರೆದವರಿಗೆ ಪ್ರತಿ ಪದದ ಕೊನೆಯಲ್ಲಿ ವಿಚಿತ್ರ ಚಿಹ್ನೆ ಕಾಣುತ್ತಿದ್ದುದಕ್ಕೆ ಇದೇ ಕಾರಣ.

ಈ ಉಪಾಯವು 128ರಿಂದ ಮೇಲಿನ ಸಂಖ್ಯೆಗಳಲ್ಲಿ ಅಕ್ಷರಗಳೇ ಇಲ್ಲವೆಂಬ ನಂಬಿಕೆಯ ಮೇಲೆ ನಿಂತಿತ್ತು. ಇಂಗ್ಲಿಷಿನ ಮಟ್ಟಿಗೆ ಆ ನಂಬಿಕೆ ಸರಿ. ಭಾರತೀಯ ಭಾಷೆಗಳಿಗೆ ಉಳಿದಿದ್ದ ಜಾಗವೇ ಅದು.

ಬೇರೆ ದಾರಿಗಳು: ವರ್ಡ್‌ಪರ್ಫೆಕ್ಟ್, ವರ್ಡ್, ಆರ್‌ಟಿಎಫ್

ಅಮೆರಿಕದ ಯೂಟಾ ಪ್ರಾಂತ್ಯದಲ್ಲಿ ಆಲನ್ ಆ್ಯಷ್ಟನ್ ಮತ್ತು ಬ್ರೂಸ್ ಬಾಸ್ಟಿಯನ್ ರೂಪಿಸಿದ ವರ್ಡ್‌ಪರ್ಫೆಕ್ಟ್ ಕೂಡ ಸೂಚನೆಗಳನ್ನು ಪಠ್ಯದ ಪ್ರವಾಹದಲ್ಲಿಯೇ ಇರಿಸಿತು. ದಪ್ಪಕ್ಷರದ ಆರಂಭಕ್ಕೆ ಒಂದು ಸಂಕೇತ, ಮುಕ್ತಾಯಕ್ಕೆ ಬೇರೊಂದು. ಬರೆಯುವವರಿಗೆ ಇವು ಸಾಮಾನ್ಯವಾಗಿ ಕಾಣುತ್ತಿರಲಿಲ್ಲ; ಬೇಕಾದಾಗ ಕೀಲಿಯೊಂದನ್ನು ಒತ್ತಿದರೆ ಪರದೆಯ ಕೆಳಭಾಗದಲ್ಲಿ ಪಠ್ಯವೂ ಸಂಕೇತಗಳೂ ಒಟ್ಟಿಗೆ ತೆರೆದುಕೊಳ್ಳುತ್ತಿದ್ದವು. ಸೂಚನೆಗಳನ್ನು ಬರಹಗಾರ ಕಣ್ಣಾರೆ ಕಂಡು ತಿದ್ದಬಹುದಾದ ಈ ಸೌಕರ್ಯವೇ ಆ ತಂತ್ರಾಂಶದ ಖ್ಯಾತಿಗೆ ಒಂದು ಕಾರಣವಾಯಿತು.

ಮೈಕ್ರೋಸಾಫ್ಟ್ ವರ್ಡ್ ಹಿಡಿದ ದಾರಿ ಬೇರೆ. 1974ರಲ್ಲಿ ಝೆರಾಕ್ಸ್ ಸಂಸ್ಥೆಯ ಸಂಶೋಧನಾ ಕೇಂದ್ರದಲ್ಲಿ ಬಟ್ಲರ್ ಲ್ಯಾಂಪ್ಸನ್ ಮತ್ತು ಚಾರ್ಲ್ಸ್ ಸಿಮೊನಿ ಬ್ರಾವೊ ಎಂಬ ಪದಸಂಸ್ಕಾರಕವನ್ನು ಕಟ್ಟಿದ್ದರು. ಸಿಮೊನಿ ಮುಂದೆ ಮೈಕ್ರೋಸಾಫ್ಟಿಗೆ ಬಂದರು. 1983ರಲ್ಲಿ ವರ್ಡ್ ಹೊರಬಂತು. ಇದರ ಕಡತದಲ್ಲಿ ಪಠ್ಯವು ಒಂದೆಡೆ ಅಖಂಡವಾಗಿರುತ್ತದೆ. ವಿನ್ಯಾಸವು ಕೋಷ್ಟಕದ ರೂಪದಲ್ಲಿ ಬೇರೆಡೆ ಇರುತ್ತದೆ: ಇಂತಿಷ್ಟನೆಯ ಅಕ್ಷರದಿಂದ ಇಂತಿಷ್ಟನೆಯ ಅಕ್ಷರದವರೆಗೆ ದಪ್ಪ, ಅಲ್ಲಿಂದ ಮುಂದೆ ಇಂತಹ ಫಾಂಟು ಎಂಬಂತೆ. ಮೂಲ ಕಾವ್ಯದ ಒಂದು ಕಟ್ಟು, ಪದ್ಯಸಂಖ್ಯೆಗಳನ್ನು ಹಿಡಿದು ಸೂಚನೆ ಕೊಡುವ ಟಿಪ್ಪಣಿಯ ಇನ್ನೊಂದು ಕಟ್ಟು ಇದ್ದ ಹಾಗೆ. ಎರಡನೆಯ ಕಟ್ಟು ಕಳೆದರೂ ಮೊದಲನೆಯದು ಪೂರ್ತಿಯಾಗಿ ಉಳಿಯುತ್ತದೆ.

ಒಂದು ತಂತ್ರಾಂಶದ ಕಡತವನ್ನು ಮತ್ತೊಂದು ಓದುವಂತಾಗಲೆಂದು ಮೈಕ್ರೋಸಾಫ್ಟ್ 1987ರಲ್ಲಿ ಆರ್‌ಟಿಎಫ್ ಎಂಬ ರೂಪವನ್ನು ಪ್ರಕಟಿಸಿತು. ಇದರಲ್ಲಿ ಎಲ್ಲವೂ ಸಾದಾ ಆಸ್ಕಿ ಅಕ್ಷರಗಳು; ಬ್ಯಾಕ್‌ಸ್ಲ್ಯಾಶ್ ಎಂಬ ಓರೆಗೆರೆಯ ಮುಂದಿರುವುದು ಆಜ್ಞೆ. ಕಡತದ ತಲೆಯಲ್ಲಿ ಬಳಕೆಯಾದ ಫಾಂಟುಗಳ ಪಟ್ಟಿಯಿರುತ್ತದೆ, ಒಂದೊಂದಕ್ಕೂ ಕ್ರಮಸಂಖ್ಯೆ. ಪಠ್ಯದ ನಡುವೆ 'ಎಫ್ 1' ಎಂಬ ಆಜ್ಞೆ ಬಂದರೆ ಮುಂದಿನ ಅಕ್ಷರಗಳನ್ನು ಪಟ್ಟಿಯ ಆ ಕ್ರಮಸಂಖ್ಯೆಯ ಫಾಂಟಿನಲ್ಲಿ ತೋರಿಸಬೇಕೆಂದು ಅರ್ಥ. ಈ ಪುಟ್ಟ ಆಜ್ಞೆಯನ್ನು ನೆನಪಿನಲ್ಲಿಡಬೇಕು. ಇಂಗ್ಲಿಷ್ ಕಡತದಲ್ಲಿ ಇದು ಅಕ್ಷರದ ಚೆಲುವನ್ನು ಹೇಳಿದರೆ ಕನ್ನಡ ಕಡತದಲ್ಲಿ ಅಕ್ಷರ ಯಾವುದೆಂಬುದನ್ನೇ ಹೇಳುತ್ತಿತ್ತು.

ಉಚ್ಚಾರಣೆಯನ್ನು ಹಿಡಿದ ಸಂಕೇತ: ಇಸ್ಕಿ

ಭಾರತೀಯ ಲಿಪಿಗಳಿಗಾಗಿ ಭಾರತೀಯ ಮಾನಕ ಸಂಸ್ಥೆ 1991ರಲ್ಲಿ ಇಸ್ಕಿ ಎಂಬ ಮಾನಕವನ್ನು ಪ್ರಕಟಿಸಿತು. ಪುಣೆಯ ಸಿ-ಡ್ಯಾಕ್ ಸಂಸ್ಥೆಯ ಜಿಸ್ಟ್ ತಂತ್ರಜ್ಞಾನ ಇದನ್ನು ಬಳಕೆಗೆ ತಂದಿತು. ಆಸ್ಕಿಯ 128 ಸಂಖ್ಯೆಗಳನ್ನು ಮುಟ್ಟದೆ, ಮೇಲಿನ ಭಾಗದಲ್ಲಿ ವರ್ಣಮಾಲೆಯನ್ನು ಅದರ ಕ್ರಮದಲ್ಲಿಯೇ ಜೋಡಿಸಿದ್ದು ಇಸ್ಕಿಯ ಹೆಚ್ಚುಗಾರಿಕೆ. ಕಕಾರಕ್ಕೆ 179, ನಕಾರಕ್ಕೆ 198, ಡಕಾರಕ್ಕೆ 191, ವಿರಾಮ ಚಿಹ್ನೆಯಾದ ಹಲಂತಕ್ಕೆ 232. 'ಕನ್ನಡ' ಎಂಬ ಪದ ಕಡತದಲ್ಲಿ 179, 198, 232, 198, 191 ಎಂದು ಉಚ್ಚಾರಣೆಯ ಕ್ರಮದಲ್ಲಿ ಕೂರುತ್ತದೆ. ನಕಾರದ ಒತ್ತನ್ನು ಎಲ್ಲಿ, ಹೇಗೆ ಬರೆಯಬೇಕೆಂಬುದು ಪರದೆಯ ಹೊಣೆ.

ಈಗ ವರ್ಡ್‌ಸ್ಟಾರಿನ ಎಂಟನೆಯ ಬಿಟ್ಟನ್ನು ನೆನೆಯಬೇಕು. 128ರಿಂದ ಮೇಲಿನ ಸಂಖ್ಯೆಯನ್ನು ಕಂಡರೆ ಅದು ಪದಾಂತ್ಯದ ಗುರುತೆಂದು ಭಾವಿಸುವ ತಂತ್ರಾಂಶ ಈ ಐದು ಸಂಖ್ಯೆಗಳಿಂದ ತಲಾ 128 ಕಳೆದರೆ ಉಳಿಯುವುದು 51, 70, 104, 70, 63. ಆಸ್ಕಿಯಲ್ಲಿ ಅವು ಕ್ರಮವಾಗಿ ಮೂರರ ಅಂಕಿ, ದೊಡ್ಡ ಎಫ್, ಚಿಕ್ಕ ಎಚ್, ಮತ್ತೆ ದೊಡ್ಡ ಎಫ್, ಕೊನೆಗೊಂದು ಪ್ರಶ್ನಾರ್ಥಕ ಚಿಹ್ನೆ. 'ಕನ್ನಡ' ಎಂಬ ಪದ ಪ್ರಶ್ನಾರ್ಥಕದಲ್ಲಿ ಮುಗಿಯುವುದಕ್ಕೆ ಯಾರ ದುರುದ್ದೇಶವೂ ಬೇಕಾಗಿರಲಿಲ್ಲ. ಒಂದೇ ಬಿಟ್ಟನ್ನು ಒಬ್ಬರು ವಿನ್ಯಾಸಕ್ಕೆ, ಇನ್ನೊಬ್ಬರು ಅಕ್ಷರಕ್ಕೆ ಬಳಸಿದ್ದರು, ಅಷ್ಟೆ.

ಇಸ್ಕಿಯಲ್ಲಿ ಗಡಿನಾಡಿನ ವಿದ್ಯಾರ್ಥಿಗಳಿಗೆ ಸ್ವಾರಸ್ಯವೆನಿಸುವ ಇನ್ನೊಂದು ಏರ್ಪಾಡಿದೆ. ಬ್ರಾಹ್ಮೀಮೂಲದ ಲಿಪಿಗಳೆಲ್ಲ ಒಂದೇ ವರ್ಣಮಾಲೆಯನ್ನು ಹಂಚಿಕೊಂಡಿರುವುದರಿಂದ ಕನ್ನಡದ ಕಕಾರವೂ ಮಲಯಾಳದ ಕಕಾರವೂ ದೇವನಾಗರಿಯ ಕಕಾರವೂ ಅಲ್ಲಿ ಒಂದೇ 179. ಯಾವ ಲಿಪಿಯಲ್ಲಿ ತೋರಿಸಬೇಕೆಂಬುದನ್ನು 239 ಎಂಬ ಗುಣಸೂಚಕ ಸಂಖ್ಯೆಯ ಮುಂದೆ ಇನ್ನೊಂದು ಸಂಖ್ಯೆಯನ್ನಿಟ್ಟು ಹೇಳಬೇಕು. 239ರ ಬಳಿಕ 66 ಬಂದರೆ ದೇವನಾಗರಿ, 72 ಬಂದರೆ ಕನ್ನಡ, 73 ಬಂದರೆ ಮಲಯಾಳ. ದಪ್ಪಕ್ಷರ, ಓರೆಯಕ್ಷರಗಳನ್ನು ಸೂಚಿಸುವುದೂ ಇದೇ 239. ಎಂದರೆ, ಈ ಮಾನಕದ ದೃಷ್ಟಿಯಲ್ಲಿ ಕನ್ನಡ ಲಿಪಿಯೆಂಬುದು ದಪ್ಪಕ್ಷರದಂತೆಯೇ ಪಠ್ಯಕ್ಕೆ ತೊಡಿಸುವ ಒಂದು ಗುಣ.

ಇದರಿಂದ ಪ್ರಯೋಜನವೂ ಇತ್ತು. ವರ್ಕಾಡಿಯ ಊರುಮನೆಗಳ ಹೆಸರಿನ ಪಟ್ಟಿಯೊಂದನ್ನು ಕನ್ನಡದಲ್ಲಿ ಸಿದ್ಧಪಡಿಸಿ, 72ರ ಸ್ಥಾನದಲ್ಲಿ 73 ಇಟ್ಟರೆ ಅದೇ ಪಟ್ಟಿ ಮಲಯಾಳ ಲಿಪಿಯಲ್ಲಿ ಕಾಣುತ್ತದೆ. ಗುಣಸೂಚಕ ಕಳೆದುಹೋಗಿ ಕನ್ನಡ ಪಠ್ಯ ದೇವನಾಗರಿಯಲ್ಲಿ ಕಾಣಿಸಿದರೂ ಪಠ್ಯ ಕೆಡುವುದಿಲ್ಲ. ದೇವನಾಗರಿ ಬಲ್ಲವರು ಅದನ್ನು ಗಟ್ಟಿಯಾಗಿ ಓದಿದರೆ ಕನ್ನಡವೇ ಕೇಳಿಸುತ್ತದೆ. ತುಳು ಕೃತಿಗಳನ್ನು ಕನ್ನಡ ಲಿಪಿಯಲ್ಲಿ ಓದಿ ರೂಢಿಯಿರುವ ಈ ಪ್ರದೇಶದವರಿಗೆ ಲಿಪಿ ಬೇರೆಯಾದರೂ ಭಾಷೆ ಉಳಿಯುವ ಈ ಸಂಗತಿ ಹೊಸತೇನೂ ಅಲ್ಲ. ಇಸ್ಕಿಯಲ್ಲಿ ಲಿಪಿ ವಿನ್ಯಾಸಕ್ಕೆ ಸರಿದರೂ ಧ್ವನಿ ಪಠ್ಯದಲ್ಲಿಯೇ ಉಳಿದಿತ್ತು. ಮುಂದಿನ ಹಂತದಲ್ಲಿ ಅದೂ ಉಳಿಯಲಿಲ್ಲ.

ಫಾಂಟಿನ ಕಾಲ

ವಿಂಡೋಸ್ ಬಳಕೆಗೆ ಬಂದ ಮೇಲೆ ಪುಸ್ತಕ, ಪತ್ರಿಕೆ, ಆಮಂತ್ರಣಗಳ ಅಕ್ಷರಜೋಡಣೆಯೆಲ್ಲ ಡಿಟಿಪಿ ಕೇಂದ್ರಗಳಿಗೆ ಸಾಗಿತು. ಅಲ್ಲಿದ್ದ ತಂತ್ರಾಂಶಗಳು ಇಂಗ್ಲಿಷಿಗಾಗಿ ರೂಪುಗೊಂಡವು. ಕನ್ನಡದ ವರ್ಣಸಂಯೋಜನೆಯ ನಿಯಮ ಅವುಗಳಿಗೆ ತಿಳಿಯದು. ಆದರೆ ಫಾಂಟನ್ನು ಬದಲಿಸಲು ಅವು ಅವಕಾಶ ಕೊಡುತ್ತಿದ್ದವು. ಇಂಗ್ಲಿಷ್ ಅಕ್ಷರಗಳ ಸಂಖ್ಯಾಸ್ಥಾನಗಳಲ್ಲಿ ಕನ್ನಡದ ಆಕಾರಗಳನ್ನು ತುಂಬಿದ ಫಾಂಟೊಂದನ್ನು ಮಾಡಿದರೆ ತಂತ್ರಾಂಶಕ್ಕೆ ತಿಳಿಯದಂತೆ ಕನ್ನಡ ಬರೆಯಬಹುದು. ಪುಣೆಯ ಮಾಡ್ಯುಲರ್ ಇನ್ಫೋಟೆಕ್ ಸಂಸ್ಥೆಯ ಶ್ರೀಲಿಪಿ, 1998ರಲ್ಲಿ ಶೇಷಾದ್ರಿವಾಸು ಹೊರತಂದ ಬರಹ, ಕನ್ನಡ ಗಣಕ ಪರಿಷತ್ತು ಕರ್ನಾಟಕ ಸರ್ಕಾರಕ್ಕಾಗಿ ರೂಪಿಸಿದ ನುಡಿ ಮೊದಲಾದವು ಹಿಡಿದದ್ದು ಈ ಮಾರ್ಗವನ್ನು. ಮರಾಠಿ, ಮಲಯಾಳಗಳಲ್ಲಿಯೂ ಆ ಕಾಲದ ಕ್ರಮ ಇದೇ ಆಗಿತ್ತು.

ಇಲ್ಲಿ ಕಿನ್ನಿಕಂಬಳ ಪದ್ಮನಾಭ ರಾವ್ ಅವರನ್ನು ಸ್ಮರಿಸಬೇಕು. ಮಂಗಳೂರಿನ ಸಮೀಪದ ಕಿನ್ನಿಕಂಬಳದವರಾದ ಅವರು ಕನ್ನಡದ ಗಣಕೀಕರಣಕ್ಕೆ ಅಡಿಪಾಯ ಹಾಕಿದವರಲ್ಲಿ ಪ್ರಮುಖರು. ತಮ್ಮ ತಂತ್ರಾಂಶಕ್ಕೆ ಅವರು ಛಂದಃಶಾಸ್ತ್ರದ ವಿದ್ವಾಂಸರಾದ ಸೇಡಿಯಾಪು ಕೃಷ್ಣಭಟ್ಟರ ನೆನಪಿನಲ್ಲಿ 'ಸೇಡಿಯಾಪು' ಎಂದು ಹೆಸರಿಟ್ಟರು. ಅವರು ರೂಪಿಸಿದ ಕೀಲಿಮಣೆ ವಿನ್ಯಾಸದಲ್ಲಿ ಬರೆಯುವವರು ಧ್ವನಿಗಳ ಕ್ರಮದಲ್ಲಿಯೇ ಕೀಲಿಗಳನ್ನು ಒತ್ತುತ್ತಾರೆ. ಒತ್ತಕ್ಷರ, ಗುಣಿತಗಳ ಜೋಡಣೆಯನ್ನು ತಂತ್ರಾಂಶ ನೋಡಿಕೊಳ್ಳುತ್ತದೆ. ಈ ವಿನ್ಯಾಸವೇ ಮುಂದೆ ನುಡಿಯ ಕೀಲಿಮಣೆಯಾಗಿ ಸರ್ಕಾರದ ಮಾನ್ಯತೆ ಪಡೆಯಿತು. ಬೆರಳುಗಳ ಮಟ್ಟಿಗೆ ಕನ್ನಡ ವ್ಯಾಕರಣದ ಕ್ರಮ ಉಳಿಯಿತು. ಆದರೆ ಕಡತದೊಳಗೆ ಕೂರುತ್ತಿದ್ದುದು ಫಾಂಟು ಬಯಸುವ ಆಕಾರಗಳ ಕ್ರಮ.

ಆಕಾರಗಳು ಬಿಡಿಬಿಡಿಯಾಗಬೇಕಾದುದಕ್ಕೆ ಜಾಗದ ಕೊರತೆ ಕಾರಣ. ಮೂವತ್ತನಾಲ್ಕು ವ್ಯಂಜನಗಳ ಗುಣಿತಾಕ್ಷರಗಳೇ ನಾನೂರನ್ನು ಮೀರುತ್ತವೆ. ಸಂಯುಕ್ತಾಕ್ಷರಗಳನ್ನು ಸೇರಿಸಿದರೆ ಲೆಕ್ಕ ಸಾವಿರಗಳನ್ನು ಮುಟ್ಟುತ್ತದೆ. ಫಾಂಟಿನಲ್ಲಿದ್ದ ಸ್ಥಾನಗಳು ಹೆಚ್ಚೆಂದರೆ 256, ಅವುಗಳಲ್ಲಿಯೂ ಕೆಲವು ಬಳಕೆಗೆ ಸಿಗುತ್ತಿರಲಿಲ್ಲ. ಹೀಗಾಗಿ ಅಕ್ಷರವನ್ನು ತುಂಡರಿಸಿ, ತಲೆಕಟ್ಟು, ದೀರ್ಘ, ಕೊಂಬು, ಒತ್ತುಗಳನ್ನು ಬೇರೆ ಬೇರೆ ಸ್ಥಾನಗಳಲ್ಲಿ ಇರಿಸಬೇಕಾಯಿತು.

ವರ್ಕಾಡಿಯೆಂಬ ಹೆಸರಿನ ಎರಡು ಬಗೆ

ಈ ಕ್ರಮದ ಪರಿಣಾಮವನ್ನು ಊರಿನ ಹೆಸರೊಂದರಲ್ಲಿ ಗಮನಿಸಬಹುದು. ನುಡಿ ಫಾಂಟಿನಲ್ಲಿ 'ವರ್ಕಾಡಿ' ಎಂದು ಬರೆದರೆ ಕಡತದಲ್ಲಿ ಉಳಿಯುವ ಸಂಖ್ಯೆಗಳು ಆರು: 170, 192, 80, 193, 240, 114. ಮೊದಲನೆಯದು ತಲೆಕಟ್ಟಿಲ್ಲದ ವಕಾರದ ಆಕಾರ, ಎರಡನೆಯದು ತಲೆಕಟ್ಟು, ಮೂರನೆಯದು ತಲೆಕಟ್ಟಿಲ್ಲದ ಕಕಾರದ ಆಕಾರ, ನಾಲ್ಕನೆಯದು ದೀರ್ಘ, ಐದನೆಯದು ಅರ್ಕಾವೊತ್ತು, ಆರನೆಯದು ಇಡಿಯಾದ 'ಡಿ'. ಉಚ್ಚಾರಣೆಯಲ್ಲಿ ಕಕಾರಕ್ಕಿಂತ ಮೊದಲು ಬರುವ ರೇಫವು ಇಲ್ಲಿ 'ಕಾ' ಮುಗಿದ ಮೇಲೆ ಬಂದಿದೆ. ಕೈಬರಹದಲ್ಲಿ ಕಣ್ಣಿಗೆ ಕಾಣುವ ಕ್ರಮ ಅದೇ ಅಲ್ಲವೇ? ಫಾಂಟು ಹಿಡಿದದ್ದು ಕಿವಿಯ ಅಕ್ಷರವನ್ನಲ್ಲ, ಕಣ್ಣಿನ ಅಕ್ಷರವನ್ನು.

ಮಕಾರದ ವಿಷಯ ಇನ್ನೂ ವಿಶೇಷವಾದುದು. ನುಡಿಯ ಸಂಕೇತದಲ್ಲಿ ಮಕಾರಕ್ಕೆ ಸ್ವಂತ ಸ್ಥಾನವಿಲ್ಲ. 170, 192, 196 ಎಂಬ ಮೂರು ಸಂಖ್ಯೆಗಳು ಸೇರಿ 'ಮ' ಆಗುತ್ತದೆ: ವಕಾರದ ಆಕಾರ, ತಲೆಕಟ್ಟು, ಕೊಂಬು. ಬರೆಯುವಾಗ 'ವ'ಕ್ಕೆ ಕೊಂಬು ಸೇರಿದಂತೆ ಕಾಣುವ ಮಕಾರದ ರೂಪವನ್ನು ಫಾಂಟು ಮಾಡಿದವರು ಜಾಣ್ಮೆಯಿಂದ ಬಳಸಿಕೊಂಡಿದ್ದಾರೆ. 'ವು' ಎಂಬುದು ಇದರೊಡನೆ ಬೆರೆಯದಿರಲೆಂದು ಅದಕ್ಕೆ 197 ಎಂಬ ಬೇರೆ ಕೊಂಬನ್ನು ಕೊಟ್ಟಿದ್ದಾರೆ. ಜಾಗ ಉಳಿಯಿತೆಂಬುದು ನಿಜ. ಆದರೆ ಅಂತಹ ಕಡತದಲ್ಲಿ ವಕಾರದ ಆವರ್ತನೆಯನ್ನು ಗಣಕದಿಂದ ಎಣಿಸಲು ಹೊರಟ ಭಾಷಾವಿಜ್ಞಾನದ ವಿದ್ಯಾರ್ಥಿಗೆ ಮಕಾರಗಳೂ ಸೇರಿದ ಲೆಕ್ಕವೇ ಸಿಗುತ್ತದೆ. ಪದಗಳನ್ನು ಅಕಾರಾದಿಯಾಗಿ ಜೋಡಿಸುವಂತೆ ಕೇಳಿದರೆ ಗಣಕವು ಇಂಗ್ಲಿಷ್ ಸಂಖ್ಯೆಗಳ ಕ್ರಮದಲ್ಲಿ ಜೋಡಿಸುತ್ತದೆ.

ಇದೇ ಆರು ಸಂಖ್ಯೆಗಳನ್ನು ನುಡಿ ಫಾಂಟು ಇಲ್ಲದ ಗಣಕದಲ್ಲಿ ತೆರೆದರೆ ಕಾಣುವುದು ಮೇಲೆತ್ತಿ ಬರೆದ ಚಿಕ್ಕ ಎ, ನೆತ್ತಿಯ ಮೇಲೆ ಗೆರೆ ಹೊತ್ತ ದೊಡ್ಡ ಎ, ಒಂದು ಪಿ, ಗೆರೆ ಹೊತ್ತ ಇನ್ನೊಂದು ಎ, ಐಸ್‌ಲೆಂಡಿನ ಭಾಷೆಯ ಒಂದು ಅಕ್ಷರ, ಕೊನೆಗೆ ಚಿಕ್ಕ ಆರ್. ಅದು ವರ್ಕಾಡಿಯೆಂಬ ಊರೆಂದು ತಿಳಿಸುವ ಒಂದೇ ಸಾಕ್ಷ್ಯ ಕಡತದ ವಿನ್ಯಾಸ ಭಾಗದಲ್ಲಿರುವ ಫಾಂಟಿನ ಹೆಸರು. ಬರಹ ಮತ್ತು ನುಡಿಯ ಫಾಂಟುಗಳ ಸಂಕೇತ ಬಹುಮಟ್ಟಿಗೆ ಒಂದೇ ಆಗಿರುವುದರಿಂದ ಅವುಗಳೊಳಗೆ ಅದಲುಬದಲು ಸಾಧ್ಯ. ಶ್ರೀಲಿಪಿಯ ಸಂಕೇತ ಬೇರೆ. ಅಲ್ಲಿ ಈ ಆರು ಸಂಖ್ಯೆಗಳು ವರ್ಕಾಡಿಯಾಗುವುದಿಲ್ಲ.

ಇಂಗ್ಲಿಷಿಗೆ ಹಿತ, ಕನ್ನಡಕ್ಕೆ ಅಹಿತ

ಕಡತವನ್ನು ಬಹುಕಾಲ ಕಾಪಾಡಬೇಕಾದರೆ ವಿನ್ಯಾಸವನ್ನೆಲ್ಲ ತೆಗೆದು ಸಾದಾ ಪಠ್ಯವಾಗಿ ಉಳಿಸಿಕೊಳ್ಳಬೇಕೆಂಬ ಸಲಹೆ ಗಣಕ ಬಲ್ಲವರಲ್ಲಿ ಬಹಳ ಹಳೆಯದು. ಇಂಗ್ಲಿಷ್ ಕಡತಕ್ಕೆ ಅದು ಹಿತವಾದ ಸಲಹೆ. ಫಾಂಟು ಆಧಾರಿತ ಕನ್ನಡ ಕಡತಕ್ಕೆ ಅದನ್ನು ಅನ್ವಯಿಸಿದರೆ ಕೇಡು ತಪ್ಪದು. ಸಾದಾ ಪಠ್ಯದಲ್ಲಿ ಫಾಂಟಿನ ಹೆಸರಿಗೆ ಎಡೆಯಿಲ್ಲ.

ಕಡತದಲ್ಲಿರುವುದೆಲ್ಲ ಕನ್ನಡವೇ ಆಗಿದ್ದರೆ ಫಾಂಟನ್ನು ಊಹಿಸಿ ಮರಳಿ ಪಡೆಯಬಹುದು. ಮಿಶ್ರಪಠ್ಯದಲ್ಲಿ ಅದೂ ಕಷ್ಟ. ವರ್ಕಾಡಿಯಂತಹ ಗ್ರಾಮದ ಶಾಲೆಯೊಂದರ ಸ್ಮರಣ ಸಂಚಿಕೆಯನ್ನು ಕಲ್ಪಿಸಿಕೊಂಡರೆ ಅದರಲ್ಲಿ ಕನ್ನಡ ಲೇಖನಗಳ ನಡುವೆ ಇಂಗ್ಲಿಷ್ ಪದವಿಗಳ ಹೆಸರು ಬರುತ್ತದೆ, ಮಲಯಾಳದಲ್ಲಿ ಬಂದ ಶುಭಾಶಯವೂ ಇರುತ್ತದೆ. ಮೂರಕ್ಕೂ ಮೂರು ಫಾಂಟು. ಸಂಖ್ಯೆಗಳು ಮಾತ್ರ ಅವೇ. 80 ಎಂಬುದು ಒಂದು ಕಡೆ ಇಂಗ್ಲಿಷಿನ ಪಿ, ಇನ್ನೊಂದು ಕಡೆ ಕಕಾರದ ಆಕಾರ, ಮತ್ತೊಂದು ಕಡೆ ಮಲಯಾಳದ ಯಾವುದೋ ರೂಪ. ಎಲ್ಲಿಂದ ಎಲ್ಲಿಯವರೆಗೆ ಯಾವ ಭಾಷೆ ಎಂಬ ತಿಳಿವಳಿಕೆ ವಿನ್ಯಾಸದ ಕೋಷ್ಟಕದಲ್ಲಿ ಮಾತ್ರ ಇತ್ತು. ಅದು ಅಳಿದ ಬಳಿಕ ಕಡತವನ್ನು ಪರಿವರ್ತಕಕ್ಕೆ ಕೊಟ್ಟರೆ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ 'ಪಿಯುಸಿ' ಎಂಬುದು ತಲೆಕಟ್ಟಿಲ್ಲದ ಒಂದು ಕಕಾರ, ತಲೆಕಟ್ಟಿಲ್ಲದ ಒಂದು ಗಕಾರ ಮತ್ತು ಒಂದು ಅಕಾರವಾಗಿ ಹೊರಬರುತ್ತದೆ.

ಪದಸಂಸ್ಕಾರಕದ ಸ್ವಯಂತಿದ್ದುಪಡಿಯೂ ಹಾನಿಯನ್ನು ಹೆಚ್ಚಿಸಿತು. ವಾಕ್ಯದ ಮೊದಲಕ್ಷರವನ್ನು ದೊಡ್ಡಕ್ಷರವಾಗಿಸುವುದು ವರ್ಡ್‌ನ ವಾಡಿಕೆ. ನುಡಿಯಲ್ಲಿ ಡಕಾರದ ಆಕಾರವಿರುವುದು ಚಿಕ್ಕ ಕ್ಯೂ ಸ್ಥಾನದಲ್ಲಿ. ದೊಡ್ಡ ಕ್ಯೂ ಸ್ಥಾನದಲ್ಲಿರುವುದು 'ಕಿ'. ಡಕಾರದಿಂದ ಆರಂಭವಾಗುವ ವಾಕ್ಯವನ್ನು ಇಂಗ್ಲಿಷೆಂದು ಬಗೆದು ತಿದ್ದಿದ ತಂತ್ರಾಂಶ 'ಡ'ವನ್ನು 'ಕಿ' ಮಾಡಿಬಿಡುತ್ತದೆ. ಹಸ್ತಪ್ರತಿಗಳಲ್ಲಿ ಲಿಪಿಕಾರನ ಕೈತಪ್ಪುಗಳನ್ನು ಗುರುತಿಸಲು ಕಲಿಯುವ ವಿದ್ಯಾರ್ಥಿಗಳು ಇಂತಹ ಯಂತ್ರಸ್ಖಾಲಿತ್ಯಗಳನ್ನೂ ಅರಿತಿರಬೇಕು. ಕಾರಣ ತಿಳಿದಿದ್ದರೆ ಮೂಲಪಾಠವನ್ನು ಊಹಿಸುವುದು ಸುಲಭ.

ಯೂನಿಕೋಡ್: ಲಿಪಿ ಪಠ್ಯಕ್ಕೆ ಮರಳಿದ್ದು

1991ರಲ್ಲಿ ಪ್ರಕಟವಾದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನವಿತ್ತು. 3200ರಿಂದ 3327ರವರೆಗಿನ 128 ಸ್ಥಾನಗಳು ಕನ್ನಡದವು. ಅದರ ಬೆನ್ನಿಗೆ 3328ರಿಂದ ಮಲಯಾಳದವು. ಸಾಮಾನ್ಯ ಬಳಕೆದಾರರಿಗೆ ಇದು ತಲುಪಿದ್ದು ತಡವಾಗಿ. 2001ರ ವಿಂಡೋಸ್ ಎಕ್ಸ್‌ಪಿಯೊಂದಿಗೆ ತುಂಗಾ ಎಂಬ ಕನ್ನಡ ಫಾಂಟು ಬಂತು. ಯೂನಿಕೋಡಿನಲ್ಲಿ 'ವರ್ಕಾಡಿ' ಎಂಬುದು 3253, 3248, 3277, 3221, 3262, 3233, 3263 ಎಂದು ಏಳು ಸಂಖ್ಯೆಗಳಾಗಿ ಉಳಿಯುತ್ತದೆ: ವ, ರ, ಹಲಂತ, ಕ, ಆಕಾರದ ಚಿಹ್ನೆ, ಡ, ಇಕಾರದ ಚಿಹ್ನೆ. ರೇಫ ತನ್ನ ಉಚ್ಚಾರಣೆಯ ಸ್ಥಾನಕ್ಕೆ ಮರಳಿದೆ. ಫಾಂಟು ಯಾವುದೇ ಇರಲಿ, ಪಠ್ಯ ಕನ್ನಡವೇ. ಲಿಪಿಯು ವಿನ್ಯಾಸದಿಂದ ಪಠ್ಯಕ್ಕೆ ಹಿಂದಿರುಗಿತು. ಈ ಪ್ರದೇಶದ ಪ್ರಾಚೀನ ಲಿಪಿಯಾದ ತುಳು-ತಿಗಳಾರಿಗೂ 2024ರಲ್ಲಿ ಯೂನಿಕೋಡಿನಲ್ಲಿ ಪ್ರತ್ಯೇಕ ಸ್ಥಾನ ದೊರೆತಿದೆ.

ಎರಡು ತಪ್ಪು ತಿಳಿವಳಿಕೆಗಳನ್ನು ಇಲ್ಲಿ ನಿವಾರಿಸಬೇಕು. ಹಳೆಯ ವರ್ಡ್ ಕಡತವನ್ನು 2007ರಿಂದ ಬಳಕೆಗೆ ಬಂದ ಡಾಕ್ಸ್ ರೂಪದಲ್ಲಿ ಉಳಿಸಿಕೊಂಡರೆ ಅದು ಯೂನಿಕೋಡ್ ಆಗುವುದಿಲ್ಲ. ಪೆಟ್ಟಿಗೆ ಹೊಸದಾಗುತ್ತದೆ, ಒಳಗಿರುವುದು ಅದೇ 170, 192, 80. ಪಿಡಿಎಫ್ ಇದ್ದರೆ ಸಾಕೆಂಬುದೂ ಪೂರ್ಣ ಸತ್ಯವಲ್ಲ. ಪಿಡಿಎಫ್ ತನ್ನೊಳಗೆ ಫಾಂಟನ್ನು ಇರಿಸಿಕೊಳ್ಳಬಲ್ಲುದರಿಂದ ಪುಟ ಚೆನ್ನಾಗಿಯೇ ಕಾಣುತ್ತದೆ. ಪಠ್ಯವನ್ನು ನಕಲಿಸಿ ಬೇರೆಡೆ ಅಂಟಿಸಿದರೆ ಅದೇ ಎ, ಪಿ, ಆರ್‌ಗಳು. ಓದುವುದಕ್ಕೆ ಅದು ತಾಳೆಗರಿಯ ಛಾಯಾಚಿತ್ರದಷ್ಟೇ ಉಪಯುಕ್ತ. ಪದವನ್ನು ಹುಡುಕಲು, ಸೂಚಿಯನ್ನು ಸಿದ್ಧಪಡಿಸಲು ಒದಗುವುದಿಲ್ಲ.

ಗ್ರಂಥಸಂಪಾದನೆಯ ಪಾಠ

ಡಿ.ಎಲ್. ನರಸಿಂಹಾಚಾರ್ ಅವರ 'ಕನ್ನಡ ಗ್ರಂಥಸಂಪಾದನೆ'ಯನ್ನು ಓದುವ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ಆಕರಗಳನ್ನು ಕಲೆಹಾಕುವುದು, ಪ್ರತಿಗಳನ್ನು ಹೋಲಿಸುವುದು, ತಿದ್ದುಪಡಿಗೆ ಆಧಾರ ಕೊಡುವುದು ಎಂಬ ಶಿಸ್ತು ಗೊತ್ತಿದೆ. ಆ ಶಿಸ್ತು ಈ ಕಡತಗಳಿಗೂ ಸಲ್ಲುತ್ತದೆ.

ಮೊದಲನೆಯದಾಗಿ, ದೊರೆತ ಕಡತದ ಮೂಲಪ್ರತಿಯನ್ನು ತಿದ್ದದೆ ಬದಿಗಿರಿಸಿ, ನಕಲಿನ ಮೇಲೆ ಮಾತ್ರ ಕೆಲಸ ಮಾಡಬೇಕು. ಎರಡನೆಯದಾಗಿ, ಕಡತದಲ್ಲಿ ಬಳಕೆಯಾದ ಎಲ್ಲ ಫಾಂಟುಗಳ ಹೆಸರನ್ನು ಬರೆದಿಟ್ಟುಕೊಳ್ಳಬೇಕು. ಹಸ್ತಪ್ರತಿಯ ಲಿಪಿಯನ್ನು ದಾಖಲಿಸುವಷ್ಟೇ ಇದು ಅಗತ್ಯ. ಮೂರನೆಯದಾಗಿ, ಸಾದಾ ಪಠ್ಯವಾಗಿಸಿ ಪರಿವರ್ತಿಸಬಾರದು. ವಿನ್ಯಾಸ ಇರುವಾಗಲೇ ಕನ್ನಡದ ಭಾಗಗಳನ್ನು ಗುರುತಿಸಿ, ಆಯಾ ಫಾಂಟಿಗೆ ತಕ್ಕ ಪರಿವರ್ತಕದಿಂದ ಯೂನಿಕೋಡಿಗೆ ತರಬೇಕು. ನಾಲ್ಕನೆಯದಾಗಿ, ಪರಿವರ್ತಿತ ಪಾಠವನ್ನು ಮುದ್ರಿತ ಪ್ರತಿಯೊಡನೆ ಸಾಲುಸಾಲಾಗಿ ಹೋಲಿಸಬೇಕು. ಅರ್ಕಾವೊತ್ತು, ದೀರ್ಘ, ಮಕಾರ ಮತ್ತು ವಕಾರ, ಅಂಕಿಗಳು, ಉದ್ಧರಣ ಚಿಹ್ನೆಗಳು ಹೆಚ್ಚಾಗಿ ಎಡವುವ ಸ್ಥಳಗಳು. ಕೊನೆಯದಾಗಿ, ಯಾವ ಕಡತದಿಂದ, ಯಾವ ಪರಿವರ್ತಕದಿಂದ, ಯಾವಾಗ ಪರಿವರ್ತಿಸಲಾಯಿತೆಂಬ ಟಿಪ್ಪಣಿಯನ್ನು ಹೊಸ ಕಡತದ ಆರಂಭದಲ್ಲಿ ಸೇರಿಸಬೇಕು.

ಕಾಸರಗೋಡಿನ ಮಟ್ಟಿಗೆ ಈ ಕೆಲಸಕ್ಕೆ ವಿಶೇಷ ತುರ್ತು ಇದೆ. 1956ರಿಂದ ಕೇರಳದಲ್ಲಿರುವ ಈ ಕನ್ನಡ ಪ್ರದೇಶದ ಸಾಂಸ್ಕೃತಿಕ ಬದುಕು ದೊಡ್ಡ ಪ್ರಕಾಶನಗಳ ಪುಸ್ತಕಗಳಿಗಿಂತಲೂ ಹೆಚ್ಚಾಗಿ ಶಾಲೆಗಳ ಸ್ಮರಣ ಸಂಚಿಕೆ, ಯಕ್ಷಗಾನ ಸಂಘಗಳ ವರದಿ, ದೇವಸ್ಥಾನಗಳ ಜೀರ್ಣೋದ್ಧಾರದ ಪುಸ್ತಿಕೆ, ಸಾಹಿತ್ಯ ಕೂಟಗಳ ಆಮಂತ್ರಣಗಳಲ್ಲಿ ದಾಖಲಾಗಿದೆ. ಇವುಗಳ ಮುದ್ರಿತ ಪ್ರತಿಗಳು ಕೆಲವೇ ಮನೆಗಳಲ್ಲಿ ಉಳಿದಿರುತ್ತವೆ. ಕಡತಗಳು ಅಕ್ಷರಜೋಡಣೆ ಮಾಡಿದವರ ಹಳೆಯ ಗಣಕಗಳಲ್ಲಿ, ಫ್ಲಾಪಿ, ಸಿ.ಡಿ.ಗಳಲ್ಲಿ ಇರುತ್ತವೆ. ಮಂಜೇಶ್ವರದ ಗೋವಿಂದ ಪೈಗಳು ಶಾಸನ, ಕಾವ್ಯಗಳ ಸಣ್ಣ ಸುಳಿವುಗಳಿಂದ ಇತಿಹಾಸದ ಕಾಲನಿರ್ಣಯಕ್ಕೆ ತೊಡಗಿದ ನೆಲವಿದು. ಮುಂದಿನ ಸಂಶೋಧಕರಿಗೆ ಈ ಪುಸ್ತಿಕೆಗಳೇ ಆಕರಗಳಾಗಬೇಕಾಗಿವೆ. ಕಡತ ಸಿಕ್ಕಿಯೂ ಅದರೊಳಗೆ ವರ್ಕಾಡಿಯೆಂಬ ಹೆಸರನ್ನು ಹುಡುಕಿದಾಗ ಸಿಗದೆ ಹೋದರೆ ಆ ಆಕರ ಇದ್ದೂ ಇಲ್ಲದಂತೆಯೇ.

ಅಭ್ಯಾಸ

1. ತಮ್ಮ ಊರಿನ ಹೆಸರನ್ನು ನುಡಿ ಫಾಂಟಿನಲ್ಲಿ ಬರೆದು, ಬಳಿಕ ಫಾಂಟನ್ನು ಇಂಗ್ಲಿಷಿಗೆ ಬದಲಿಸಿ, ಎಷ್ಟು ತುಂಡುಗಳಾಗಿ ಉಳಿದಿದೆಯೆಂದು ವಿದ್ಯಾರ್ಥಿಗಳು ಪಟ್ಟಿ ಮಾಡಬೇಕು. ಉಚ್ಚಾರಣೆಯ ಕ್ರಮಕ್ಕೂ ಆ ತುಂಡುಗಳ ಕ್ರಮಕ್ಕೂ ಎಲ್ಲಿ ವ್ಯತ್ಯಾಸವಿದೆಯೆಂದು ಗುರುತಿಸಬೇಕು.

2. 'ಧರ್ಮ', 'ಮರ್ಮ', 'ಪೂರ್ವ' ಎಂಬ ಪದಗಳನ್ನು ಪರಿವರ್ತಿಸುವಾಗ ಯಾವ ಯಾವ ದೋಷಗಳು ಸಂಭವಿಸಬಹುದೆಂದು ಮೇಲಿನ ವಿವರಣೆಯ ಆಧಾರದಿಂದ ಊಹಿಸಿ, ಅನಂತರ ಪರಿವರ್ತಿಸಿ ನೋಡಬೇಕು.

3. 2010ಕ್ಕಿಂತ ಹಿಂದೆ ಅಚ್ಚಾದ ಸ್ಥಳೀಯ ಪುಸ್ತಿಕೆಯೊಂದನ್ನು ಆರಿಸಿ, ಅದರ ಕಡತ ಯಾರಲ್ಲಿದೆ, ಯಾವ ಫಾಂಟಿನಲ್ಲಿದೆ ಎಂದು ವಿಚಾರಿಸಿ, ಒಡೆಯರ ಅನುಮತಿ ಪಡೆದು ಒಂದು ಪುಟವನ್ನು ಯೂನಿಕೋಡಿಗೆ ತಂದು, ಮುದ್ರಿತ ಪ್ರತಿಯೊಡನೆ ಹೋಲಿಸಿದ ಪಾಠಾಂತರಗಳ ಪಟ್ಟಿಯನ್ನು ವಿಭಾಗಕ್ಕೆ ಒಪ್ಪಿಸಬೇಕು.